ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಎಷ್ಟು, ಹೊತ್ತು ಎಷ್ಟು: ನೀವೇ ಲೆಕ್ಕ ಹಾಕಿ

ಅಮ್ಮ ಮೊದಲ ಸಲ ದುಬೈಗೆ ಹೊರಟಾಗ ಟಿಕೆಟ್‌ನಲ್ಲಿ ಎರಡು ಸಮಯ ಇದ್ದವು. ಮಂಗಳೂರು ಬಿಡುವುದು ಬೆಳಿಗ್ಗೆ 8:00. ದುಬೈ ಮುಟ್ಟುವುದು 10:15. ಅಮ್ಮ ಕಳೆದು ನೋಡಿ ಎರಡೂಕಾಲು ಗಂಟೆ ಅಂದುಕೊಂಡರು. ನಾವ್ಯಾರೂ ತಿದ್ದಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಎರಡು ಗಂಟೆ ತಾನೆ, ಇಳಿದ ಮೇಲೆ ಅಕ್ಕನ ಮನೆಯಲ್ಲೇ ತಿಂದರಾಯ್ತು ಅಂತ ಬುತ್ತಿಯನ್ನು ಚೆಕ್-ಇನ್ ಬ್ಯಾಗಿಗೆ ಹಾಕಿಬಿಟ್ಟರು. ಮೂರು ಗಂಟೆ ಕಳೆದರೂ ಕೆಳಗೆ ಬರೀ ಸಮುದ್ರ. ಕೈಗಡಿಯಾರ ನೋಡುತ್ತಾ, ಏನೋ ತೊಂದರೆ ಆಗಿದೆ ಅಂತ ಹೆದರಿ, ಬೆವರಿ ಕೂತಿದ್ದರಂತೆ. ಪಕ್ಕದ ಸೀಟಿನವರು ಬಿಸ್ಕೆಟ್ ಕೊಟ್ಟರು.

ಆ ಟಿಕೆಟ್‌ನಲ್ಲಿ ತಪ್ಪೇನೂ ಇರಲಿಲ್ಲ. ಒಂದು ಸಮಯ ನಮ್ಮದು, ಇನ್ನೊಂದು ದುಬೈಯದು, ಅಷ್ಟೇ. ಹಾರಾಟ ನಿಜವಾಗಿ ಮೂರೂಮುಕ್ಕಾಲು ಗಂಟೆಯದು. ಅಂದಿನಿಂದ ನಮ್ಮ ಮನೆಯಲ್ಲಿ ಯಾರು ವಿಮಾನ ಹತ್ತಿದರೂ ನಾನು ಕೂತು ಲೆಕ್ಕ ಹಾಕಿ ಒಂದು ಚೀಟಿ ಬರೆದು ಕೊಡುತ್ತೇನೆ. ಆ ಲೆಕ್ಕವನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಹತ್ತನೇ ಕ್ಲಾಸಿನ ಗಣಿತ ಸಾಕು. ಒಂದು ಭಾಗಕ್ಕೆ ಮಾತ್ರ ಫೋನಿನ ಕ್ಯಾಲ್ಕುಲೇಟರ್ ಬೇಕು.

ಹಂತ 1: ಯಾವ ನಿಲ್ದಾಣ ಅಂತ ಖಚಿತ ಮಾಡಿಕೊಳ್ಳಿ

ಊರಿನ ಹೆಸರು ಸಾಲದು. ಗೋವಾದಲ್ಲಿ ಈಗ ಎರಡು ನಿಲ್ದಾಣ ಇವೆ: ದಕ್ಷಿಣದಲ್ಲಿ ಹಳೆಯ ದಾಬೋಲಿಂ, ಉತ್ತರದಲ್ಲಿ 2023ರ ಜನವರಿಯಲ್ಲಿ ಶುರುವಾದ ಮೋಪಾ. ದುಬೈಯಲ್ಲೂ ಎರಡು. ಒಂದಕ್ಕೆ ಇಳಿದು ಇನ್ನೊಂದರ ಹೊರಗೆ ಕಾರು ನಿಲ್ಲಿಸಿಕೊಂಡವರಿದ್ದಾರೆ.

ಹಾಗಾಗಿ ಟಿಕೆಟ್ ಮೇಲಿನ ಮೂರಕ್ಷರದ ಕೋಡ್ ನೋಡಿ. ಬೆಂಗಳೂರು ಬಿಎಲ್‌ಆರ್, ಮಂಗಳೂರು ಐಎಕ್ಸ್‌ಇ, ಹುಬ್ಬಳ್ಳಿ ಎಚ್‌ಬಿಎಕ್ಸ್, ಬೆಳಗಾವಿ ಐಎಕ್ಸ್‌ಜಿ, ಮೈಸೂರು ಎಂವೈಕ್ಯೂ, ಕಲಬುರಗಿ ಜಿಬಿಐ, ಶಿವಮೊಗ್ಗ ಆರ್‌ಕ್ಯೂವೈ. ಅಕ್ಷರಕ್ಕೂ ಊರಿಗೂ ಸಂಬಂಧ ಇರಲೇಬೇಕು ಅಂತಿಲ್ಲ. ದಾಬೋಲಿಂ ಜಿಒಐ, ಮೋಪಾ ಜಿಒಎಕ್ಸ್. ದುಬೈಯ ದೊಡ್ಡ ನಿಲ್ದಾಣ ಡಿಎಕ್ಸ್‌ಬಿ, ಊರ ಹೊರಗಿನ ಹೊಸದು ಡಿಡಬ್ಲ್ಯೂಸಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಎಸ್‌ಜೆಸಿ ಆದರೆ ಅದೇ ಹೆಸರಿನ ಕೋಸ್ಟರಿಕಾದ ಊರು ಎಸ್‌ಜೆಒ. ಒಂದಕ್ಷರ ಆಚೀಚೆ ಆದರೆ ದೇಶವೇ ಬದಲಾಗುತ್ತದೆ.

ಹಂತ 2: ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ

ಗೂಗಲ್ ಮ್ಯಾಪ್‌ನಲ್ಲಿ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಅಂಕಿ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಎರಡು ದಶಮಾಂಶ ಇದ್ದರೂ ನಮ್ಮ ಕೆಲಸಕ್ಕೆ ಸಾಕು. ನಾನು ನಾಲ್ಕು ಬರೆದುಕೊಳ್ಳುತ್ತೇನೆ.

ಮಂಗಳೂರು (ಬಜ್ಪೆ): 12.9613 ಉತ್ತರ, 74.8901 ಪೂರ್ವ
ದುಬೈ: 25.2528 ಉತ್ತರ, 55.3644 ಪೂರ್ವ
ಬೆಂಗಳೂರು (ದೇವನಹಳ್ಳಿ): 13.1979 ಉತ್ತರ, 77.7063 ಪೂರ್ವ
ದೆಹಲಿ: 28.5665 ಉತ್ತರ, 77.1031 ಪೂರ್ವ

ಅಮೆರಿಕದ ಊರಾದರೆ ರೇಖಾಂಶದ ಮುಂದೆ ಮೈನಸ್ ಇರುತ್ತದೆ. ಅದನ್ನು ಬಿಟ್ಟರೆ ಲೆಕ್ಕ ಪೂರಾ ಹಾಳು.

ಹಂತ 3: ದೂರ ಕಂಡುಹಿಡಿಯಿರಿ

ಇದಕ್ಕೆ ಮೂರು ದಾರಿ ಇವೆ. ಮಕ್ಕಳಿದ್ದ ಮನೆಯಲ್ಲಿ ಮೊದಲನೆಯದನ್ನು ಮಾಡಿ ನೋಡಲೇಬೇಕು.

ಒಂದು ಗ್ಲೋಬ್, ಹೂ ಕಟ್ಟುವ ದಾರ, ಒಂದು ಸ್ಕೇಲು ತನ್ನಿ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ಸ್ಯಾನ್‌ಫ್ರಾನ್ಸಿಸ್ಕೋಗೆ ಎಳೆದು ಬಿಗಿ ಮಾಡಿ. ಗೋಡೆ ನಕ್ಷೆ ನೋಡಿ ಬೆಳೆದವರು ದಾರ ಪೆಸಿಫಿಕ್ ಸಾಗರದ ನಡುವೆ ಅಡ್ಡ ಹೋಗುತ್ತದೆ ಅಂದುಕೊಂಡಿರುತ್ತಾರೆ. ಅಲ್ಲಿ ಇಟ್ಟರೆ ದಾರ ಸಡಿಲ ಆಗಿ ಜಾರುತ್ತದೆ. ಬಿಗಿಯಾಗಿ ನಿಲ್ಲುವುದು ಟಿಬೆಟ್, ಪೂರ್ವ ಸೈಬೀರಿಯಾ, ಆರ್ಕ್ಟಿಕ್ ಅಂಚು, ಅಲಾಸ್ಕಾ ಹಾದು ಇಳಿಯುವಾಗ ಮಾತ್ರ. ಆ ಬಿಗಿ ದಾರವೇ ಮಹಾವೃತ್ತದ ದಾರಿ. ಗೋಲದ ಮೇಲೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ. 30 ಸೆಂ.ಮೀ. ವ್ಯಾಸದ ಗ್ಲೋಬ್ ಆದರೆ ಒಂದು ಸೆಂಟಿಮೀಟರ್ ದಾರಕ್ಕೆ ಸುಮಾರು 425 ಕಿ.ಮೀ. ಈ ದಾರ 33 ಸೆಂ.ಮೀ. ಬರಬೇಕು. ಗುಣಿಸಿದರೆ 14,000 ಕಿ.ಮೀ. ಹತ್ತಿರ. ಕಂಪ್ಯೂಟರ್ ಲೆಕ್ಕವೂ ಅಷ್ಟೇ ಹೇಳುತ್ತದೆ.

ಎರಡನೆಯದು ಸುಲಭ. ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನುವ ತಾಣದಲ್ಲಿ ಎರಡು ಕೋಡ್‌ಗಳನ್ನು ನಡುವೆ ಒಂದು ಗೆರೆ ಹಾಕಿ ಬರೆದರೆ ದೂರ, ನಕ್ಷೆ ಎರಡೂ ಬರುತ್ತವೆ. ಅಲ್ಲಿ ದೂರ ಮೈಲಿಯಲ್ಲೋ ನಾಟಿಕಲ್ ಮೈಲಿಯಲ್ಲೋ ಕಿಲೋಮೀಟರಿನಲ್ಲೋ ಅಂತ ಒಮ್ಮೆ ನೋಡಿಕೊಳ್ಳಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಪೈಲಟ್‌ಗಳು ಅದನ್ನೇ ಬಳಸುತ್ತಾರೆ. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲು ಸರಿಸುಮಾರು ಒಂದು ನಾಟಿಕಲ್ ಮೈಲಿ.

ಮೂರನೆಯದು ಕೈ ಲೆಕ್ಕ. ಮೊದಲು ಸುಲಭದ ಉದಾಹರಣೆ. ದೆಹಲಿ ಬೆಂಗಳೂರಿನ ನೆತ್ತಿಯ ಮೇಲೆ ಕೂತಿದೆ. ರೇಖಾಂಶದಲ್ಲಿ ವ್ಯತ್ಯಾಸ ಅರ್ಧ ಡಿಗ್ರಿ ಚಿಲ್ಲರೆ ಮಾತ್ರ. ಅಂಥ ಕಡೆ ಅಕ್ಷಾಂಶ ಕಳೆದರೆ ಸಾಕು. 28.57ರಲ್ಲಿ 13.20 ಕಳೆದರೆ 15.37. ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ 1,709. ರೇಖಾಂಶವನ್ನೂ ಸೇರಿಸಿ ಲೆಕ್ಕ ಹಾಕಿದರೆ 1,710 ಕಿ.ಮೀ. ಅಂಗಡಿ ಬಿಲ್ಲಿನ ಹಿಂಬದಿಯಲ್ಲಿ ಮಾಡಬಹುದಾದ ಲೆಕ್ಕ, ಅಲ್ವಾ? ರೈಲಿನಲ್ಲಿ ಇದೇ ದಾರಿ ಸುಮಾರು 2,400 ಕಿ.ಮೀ.

ಪೂರ್ವ–ಪಶ್ಚಿಮದ ಅಂತರ ಜಾಸ್ತಿ ಇದ್ದರೆ ಹೀಗೆ ನಡೆಯುವುದಿಲ್ಲ. ಯಾಕೆಂದರೆ ರೇಖಾಂಶಗಳು ಧ್ರುವದ ಕಡೆ ಹೋದ ಹಾಗೆ ಹತ್ತಿರ ಹತ್ತಿರ ಬರುತ್ತವೆ. ಸಮಭಾಜಕದಲ್ಲಿ ಒಂದು ಡಿಗ್ರಿ ರೇಖಾಂಶ 111 ಕಿ.ಮೀ. ಮಂಗಳೂರಿನಲ್ಲಿ 108. ಅರವತ್ತನೇ ಅಕ್ಷಾಂಶದಲ್ಲಿ ಅದರ ಅರ್ಧ. ಆಗ ಈ ಲೆಕ್ಕ ಬೇಕು. ಫೋನಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿ, ಡಿಗ್ರಿ ಅಂತ ಇದೆಯೋ ನೋಡಿಕೊಳ್ಳಿ. ರೇಡಿಯನ್ ಇದ್ದರೆ ಉತ್ತರ ಎಲ್ಲೆಲ್ಲೋ ಹೋಗುತ್ತದೆ. ಮಂಗಳೂರು–ದುಬೈ ಮಾಡೋಣ.

ಮೊದಲು ಎರಡೂ ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ. 0.2243 × 0.4266 = 0.0957.
ಆಮೇಲೆ ಎರಡೂ ಅಕ್ಷಾಂಶಗಳ ಕಾಸ್ ತೆಗೆದು ಗುಣಿಸಿ. 0.9745 × 0.9044. ಬರುವುದು 0.8814.
ರೇಖಾಂಶಗಳನ್ನು ಕಳೆಯಿರಿ. 74.8901ರಲ್ಲಿ 55.3644 ಹೋದರೆ 19.5257. ಇದರ ಕಾಸ್ 0.9425. ಇದನ್ನು 0.8814ಕ್ಕೆ ಗುಣಿಸಿದರೆ 0.8307.
ಮೊದಲ ಉತ್ತರಕ್ಕೆ ಇದನ್ನು ಕೂಡಿಸಿ. 0.9264.
ಈಗ ಕಾಸ್ ಇನ್ವರ್ಸ್ ಒತ್ತಿ. 22.12 ಡಿಗ್ರಿ. ಇದನ್ನು 111.2ಕ್ಕೆ ಗುಣಿಸಿದರೆ 2,460 ಕಿ.ಮೀ.

ಭೂಮಿ ಪೂರ್ತಿ ಗುಂಡಗಿಲ್ಲ, ನಡುವೆ ಸ್ವಲ್ಪ ಉಬ್ಬಿದೆ. ಆದ್ದರಿಂದ ಈ ಉತ್ತರ ನೂರು ಕಿ.ಮೀ.ಗೆ ಅರ್ಧ ಕಿ.ಮೀ.ಯಷ್ಟು ಆಚೀಚೆ ಆಗಬಹುದು. ಪ್ರಯಾಣಿಕರಿಗೆ ಅದು ಲೆಕ್ಕಕ್ಕಿಲ್ಲ.

ಹಂತ 4: ವಿಮಾನ ಹೋಗುವ ದಾರಿ ಇದಕ್ಕಿಂತ ಉದ್ದ

ಬಿಗಿ ದಾರದ ಮೇಲೆ ಯಾವ ವಿಮಾನವೂ ಹಾಗೇ ಹೋಗುವುದಿಲ್ಲ. ಬೆಂಗಳೂರಿನ ಎರಡು ರನ್‌ವೇಗಳೂ ಪೂರ್ವ–ಪಶ್ಚಿಮವಾಗಿವೆ. ಉತ್ತರಕ್ಕಿರುವ ದೆಹಲಿಗೆ ಹೊರಟ ವಿಮಾನವೂ ಮೊದಲು ಪೂರ್ವಕ್ಕೋ ಪಶ್ಚಿಮಕ್ಕೋ ಏರಿ ಆಮೇಲೆ ತಿರುಗಬೇಕು. ಆಕಾಶದಲ್ಲೂ ಗೊತ್ತು ಮಾಡಿದ ದಾರಿಗಳಿವೆ. ಇಳಿಯುವಾಗ ಸಾಲಿನಲ್ಲಿ ನಿಲ್ಲಬೇಕು. ಹಾಗಾಗಿ ನಾನು ಬಂದ ದೂರಕ್ಕೆ ನೂರಕ್ಕೆ ಐದು ಸೇರಿಸುತ್ತೇನೆ. ದೆಹಲಿಗೆ 1,710 ಇದ್ದದ್ದು 1,795 ಆಗುತ್ತದೆ, ದುಬೈಗೆ 2,460 ಇದ್ದದ್ದು 2,583.

ಕೆಲವು ಕಡೆ ಐದು ಸಾಲುವುದಿಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಯುರೋಪಿಗೆ ಹೋಗುವ ನಮ್ಮ ವಿಮಾನಗಳು ದಕ್ಷಿಣಕ್ಕೆ ಇಳಿದು ಅರಬ್ಬೀ ಸಮುದ್ರದ ಮೇಲೆ ಸುತ್ತಬೇಕಾಯಿತು. 2019ರಲ್ಲೂ ಫೆಬ್ರವರಿ ಕೊನೆಯಿಂದ ಜುಲೈ ತನಕ ಹೀಗೇ ಆಗಿತ್ತು. ಮಂಗಳೂರು–ದುಬೈ ದಾರಿ ಮೊದಲೇ ಸಮುದ್ರದ ಮೇಲಿದೆ, ಅದಕ್ಕೆ ಇದರಿಂದ ತೊಂದರೆ ಇಲ್ಲ.

ಟಿಬೆಟ್ ವಿಷಯ ಬೇರೆ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಹೋದರೆ ವಿಮಾನ ಬೇಗ ಸುಮಾರು 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಆ ಪ್ರಸ್ಥಭೂಮಿಯನ್ನು ಹೆಚ್ಚಿನ ವಿಮಾನಗಳು ತಪ್ಪಿಸಿಯೇ ಹೋಗುತ್ತವೆ. ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 11ರಂದು ಬಂದಿಳಿಯಿತು. ಪೈಲಟ್‌ಗಳೆಲ್ಲ ಹೆಂಗಸರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಅವರು ಬಂದದ್ದು ಉತ್ತರ ಧ್ರುವದ ಮೇಲಿಂದ. ದಾರ ಹೇಳಿದ್ದು 14,000 ಕಿ.ಮೀ., ಆ ದಾರಿ ಸುಮಾರು 16,000 ಕಿ.ಮೀ. ಅಂತ ಆಗ ಪತ್ರಿಕೆಗಳು ಬರೆದಿದ್ದವು. ನಮ್ಮ ಅಕ್ಕತಂಗಿಯರು ಧ್ರುವ ದಾಟಿ ದೇವನಹಳ್ಳಿಗೆ ವಿಮಾನ ತಂದು ಇಳಿಸಿದ್ದನ್ನು ನೆನೆದರೆ ನನಗೆ ಈಗಲೂ ಹೆಮ್ಮೆ.

ನಿಮ್ಮ ವಿಮಾನ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ತಿಳಿಯಬೇಕಾದರೆ ಫ್ಲೈಟ್‌ರಾಡಾರ್24ನಲ್ಲಿ ಅದರ ನಂಬರು ಹಾಕಿ. ಹಿಂದಿನ ಕೆಲವು ದಿನ ಹಾರಿದ ದಾರಿ, ಹೊರಟ ಹೊತ್ತು, ಇಳಿದ ಹೊತ್ತು ಎಲ್ಲ ಸಿಗುತ್ತದೆ.

ಹಂತ 5: ವೇಗದಿಂದ ಭಾಗಿಸಿ

ಮೂರು ಅಂಕಿ ನೆನಪಿಟ್ಟುಕೊಳ್ಳಿ. ಏರ್‌ಬಸ್ 320, ಬೋಯಿಂಗ್ 737ರಂಥ ಜೆಟ್ ಮೇಲೇರಿದ ಮೇಲೆ ಗಂಟೆಗೆ ಸುಮಾರು 830 ಕಿ.ಮೀ. ಬೋಯಿಂಗ್ 777ರಂಥ ದೊಡ್ಡ ವಿಮಾನ 895ರ ಆಸುಪಾಸು. ಫ್ಯಾನಿನ ರೆಕ್ಕೆ ಹೊರಗೆ ಕಾಣುವ ಎಟಿಆರ್ 72 ಮಾತ್ರ ನಿಧಾನ, ಅದಕ್ಕೆ 500 ಇಟ್ಟುಕೊಳ್ಳಿ. ಬೆಂಗಳೂರಿನಿಂದ ಸಣ್ಣ ಊರುಗಳಿಗೆ ಹೋಗುವವರು ಇದನ್ನು ಗಮನಿಸಬೇಕು. ಎಷ್ಟೋ ಟಿಕೆಟ್‌ಗಳಲ್ಲಿ ವಿಮಾನದ ಮಾದರಿ ಬರೆದಿರುತ್ತದೆ.

ದೆಹಲಿಗೆ 1,795ನ್ನು 830ರಿಂದ ಭಾಗಿಸಿದರೆ 2.16. ಇದು 2 ಗಂಟೆ 16 ನಿಮಿಷ ಅಲ್ಲ. ದಶಮಾಂಶದ ಭಾಗವನ್ನು 60ರಿಂದ ಗುಣಿಸಬೇಕು. 0.16 ಅಂದರೆ ಹತ್ತು ನಿಮಿಷ. ಎಷ್ಟೋ ಜನ ಎಡವುವುದು ಇಲ್ಲೇ. ದುಬೈಗೆ 3.11, ಅಂದರೆ 3 ಗಂಟೆ 7 ನಿಮಿಷ.

ಹಂತ 6: ಗಾಳಿಯನ್ನು ಕೇಳಿ

ಹೋಗುವಾಗ ಒಂದು ಹೊತ್ತು, ಬರುವಾಗ ಇನ್ನೊಂದು ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ವಿಮಾನ ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಹೊಳೆ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಹೊಳೆಯಲ್ಲಿ ದೋಣಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೆಹಲಿ–ಕೋಲ್ಕತ್ತ ಹಾರುವ ದಾರಿ ಸುಮಾರು 1,380 ಕಿ.ಮೀ. ಗಾಳಿ ಗಂಟೆಗೆ 120 ಕಿ.ಮೀ. ಇದೆ ಅಂತಿಟ್ಟುಕೊಳ್ಳಿ. ಪೂರ್ವಕ್ಕೆ ಹೋಗುವಾಗ ನೆಲದ ಲೆಕ್ಕದಲ್ಲಿ ವೇಗ 950, ಹೊತ್ತು 1 ಗಂಟೆ 27 ನಿಮಿಷ. ವಾಪಸ್ ಬರುವಾಗ ವೇಗ 710, ಹೊತ್ತು 1 ಗಂಟೆ 57 ನಿಮಿಷ. ಅದೇ ವಿಮಾನ, ಅದೇ ದಾರಿ, ಅರ್ಧ ಗಂಟೆ ಫರಕು. ಬೆಂಗಳೂರು–ದೆಹಲಿ ಉತ್ತರ–ದಕ್ಷಿಣ ಆದ್ದರಿಂದ ಗಾಳಿ ಪಕ್ಕದಿಂದ ಬೀಸುತ್ತದೆ, ಫರಕು ಕಡಿಮೆ. ಅಂದಾಜಿಗೆ, ಪಶ್ಚಿಮಕ್ಕೆ ಹೋಗುವ ಮೂರು ನಾಲ್ಕು ಗಂಟೆಯ ಹಾರಾಟಕ್ಕೆ ಚಳಿಗಾಲದಲ್ಲಿ ಹತ್ತು ಹದಿನೈದು ನಿಮಿಷ ಸೇರಿಸಿ.

ಹಂತ 7: ನೆಲದ ಮೇಲಿನ ಹೊತ್ತು ಸೇರಿಸಿ

ಟಿಕೆಟ್‌ನಲ್ಲಿ ಬರೆದಿರುವುದು ಗಾಳಿಯಲ್ಲಿರುವ ಹೊತ್ತಲ್ಲ. ಲಾರಿಯವರು ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ಹಾಗೆ ನಿಂತ ವಿಮಾನದ ಚಕ್ರಕ್ಕೂ ಅಡೆ ಕೊಟ್ಟಿರುತ್ತಾರೆ. ಆ ಅಡೆ ತೆಗೆದು ಹೊರಟಲ್ಲಿಂದ, ಇನ್ನೊಂದು ಊರಲ್ಲಿ ಮತ್ತೆ ಅಡೆ ಕೊಡುವವರೆಗಿನ ಹೊತ್ತಿಗೆ ಬ್ಲಾಕ್ ಟೈಮ್ ಅನ್ನುತ್ತಾರೆ. ಟಿಕೆಟ್‌ನಲ್ಲಿರುವುದು ಅದು. ರನ್‌ವೇ ತನಕ ಉರುಳುವುದು, ಸಾಲಲ್ಲಿ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವುದು, ಮತ್ತೆ ಗೇಟಿಗೆ ಉರುಳುವುದು, ಎಲ್ಲ ಸೇರಿ 35 ನಿಮಿಷ ಇಟ್ಟುಕೊಳ್ಳಿ.

ದೆಹಲಿಗೆ 2 ಗಂಟೆ 10 ನಿಮಿಷಕ್ಕೆ 35 ಸೇರಿದರೆ 2 ಗಂಟೆ 45 ನಿಮಿಷ. ಟಿಕೆಟ್‌ನಲ್ಲೂ ಸುಮಾರು ಇಷ್ಟೇ ಇರುತ್ತದೆ. ದುಬೈಗೆ 3 ಗಂಟೆ 42 ನಿಮಿಷ.

ದೂರ ಕಡಿಮೆ ಆದಷ್ಟೂ ಈ 35 ನಿಮಿಷದ ಭಾರ ಜಾಸ್ತಿ. ಬೆಂಗಳೂರು–ಮಂಗಳೂರು ಆಕಾಶದಲ್ಲಿ 306 ಕಿ.ಮೀ. ಮಾತ್ರ. ಬರೀ ಭಾಗಿಸಿದರೆ 22 ನಿಮಿಷ. ಆದರೆ ಟಿಕೆಟ್‌ನಲ್ಲಿ ಒಂದು ಗಂಟೆಯ ಮೇಲೇ ಇರುತ್ತದೆ. ಏರಿ ಮುಗಿಯುವಷ್ಟರಲ್ಲಿ ಇಳಿಯಲು ಶುರು, ಪೂರ್ತಿ ವೇಗದಲ್ಲಿ ಹಾರಲು ಹೊತ್ತೇ ಸಿಗುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿಯಲ್ಲೂ ದೆಹಲಿಯಲ್ಲೂ ಬೆಳಗಿನ ಮಂಜು ಇರುತ್ತದೆ. ಆ ತಿಂಗಳುಗಳಲ್ಲಿ ಬೆಳಗಿನ ವಿಮಾನ ಹಿಡಿದು, ಇಳಿದ ಕೂಡಲೇ ಮದುವೆ ಮುಹೂರ್ತಕ್ಕೆ ಓಡುವ ಲೆಕ್ಕ ಇಟ್ಟುಕೊಳ್ಳಬೇಡಿ. ಹಿಂದಿನ ರಾತ್ರಿಯೇ ಹೋಗಿ.

ಹಂತ 8: ಗಡಿಯಾರ ತಿರುಗಿಸಿ

ಅಮ್ಮನಿಗೆ ತೊಂದರೆ ಆದದ್ದು ಇಲ್ಲಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ವರ್ಷವಿಡೀ. ಟಿಕೆಟ್‌ನಲ್ಲಿ ಆಯಾ ಊರಿನ ಸಮಯವನ್ನೇ ಬರೆಯುತ್ತಾರೆ. ಹಾಗಾಗಿ ಕಳೆಯುವ ಮೊದಲು ಎರಡನ್ನೂ ಭಾರತದ ಸಮಯಕ್ಕೆ ತನ್ನಿ. ದುಬೈಯ 10:15 ಅಂದರೆ ನಮ್ಮ 11:45. ಅದರಲ್ಲಿ 8:00 ಕಳೆದರೆ 3 ಗಂಟೆ 45 ನಿಮಿಷ. ನಮ್ಮ ಕೈ ಲೆಕ್ಕದ 3:42ಕ್ಕೆ ಎಷ್ಟು ಹತ್ತಿರ ನೋಡಿ.

ಅಮೆರಿಕದ ಲೆಕ್ಕ ಇನ್ನೂ ಗೋಜಲು. ಸ್ಯಾನ್‌ಫ್ರಾನ್ಸಿಸ್ಕೋ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದ ತನಕ ಹನ್ನೆರಡೂವರೆ ಗಂಟೆ. ಬೇಸಿಗೆಯಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ನಮ್ಮ ಸಮಯ ಮರುದಿನ ಬೆಳಿಗ್ಗೆ 6. ಅಲ್ಲಿ ಇನ್ನೂ ಹೊರಟ ದಿನವೇ ಸಂಜೆ 5:30. ವಾಪಸ್ ಬರುವಾಗ ತಿರುವು ಮುರುವು. ಚಳಿಗಾಲದ ಸೋಮವಾರ ರಾತ್ರಿ 8:30ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಇಲ್ಲಿ ಇಳಿಯುವುದು ಬುಧವಾರ ಬೆಳಗಿನ ಜಾವ 3:30ಕ್ಕೆ. ಟಿಕೆಟ್‌ನಲ್ಲಿ ಸಮಯದ ಪಕ್ಕ ಸಣ್ಣದಾಗಿ +2 ಅಂತ ಇರುತ್ತದೆ. ಕರೆತರಲು ಹೋಗುವವರು ಆ ಸಣ್ಣ ಅಂಕಿಯನ್ನೇ ಮೊದಲು ನೋಡಬೇಕು.

ಹಂತ 9: ಮನೆಯಿಂದ ಮನೆಗೆ, ಮತ್ತು ಚೀಟಿ

ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು, ಒಳದೇಶದ್ದಕ್ಕೆ ಎರಡು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ, ಕೆಲವು ಕಡೆ ಅದಕ್ಕೂ ಮೊದಲೇ ಮುಚ್ಚುತ್ತದೆ. ಬೆಂಗಳೂರಿನಲ್ಲಾದರೆ ಟರ್ಮಿನಲ್ 1ಓ 2ಓ ನೋಡಿಕೊಳ್ಳಿ. ಆ ಊರಲ್ಲಿ ಇಳಿದ ಮೇಲೆ ಇಮಿಗ್ರೇಷನ್, ಬ್ಯಾಗು, ಟ್ಯಾಕ್ಸಿ ಸೇರಿ ಒಂದೂವರೆ ಗಂಟೆ.

ಕೊನೆಗೆ ಇದನ್ನೆಲ್ಲ ಒಂದು ಅಂಗೈಯಗಲದ ಚೀಟಿಯಲ್ಲಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ. ಫೋನಿನಲ್ಲಿ ಬೇಡ, ಹಿರಿಯರಿಗೆ ಏರೋಪ್ಲೇನ್ ಮೋಡ್‌ನಲ್ಲಿ ಹುಡುಕುವುದು ಕಷ್ಟ. ಅಮ್ಮನ ಎರಡನೇ ಪ್ರಯಾಣದ್ದು ಹೀಗಿತ್ತು:

ಪುತ್ತೂರು ಮನೆ ಬಿಡುವುದು: ಬೆಳಗಿನ ಜಾವ 3:00
ಬಜ್ಪೆ ಮುಟ್ಟುವುದು: 5:00
ವಿಮಾನ ಹೊರಡುವುದು: 8:00
ತಿಂಡಿ, ಮಾತ್ರೆ: 8:45 (ಬುತ್ತಿ ಕೈಚೀಲದಲ್ಲಿದೆ)
11:00ಕ್ಕೂ ಕೆಳಗೆ ಸಮುದ್ರ ಕಂಡರೆ ಹೆದರಬೇಡಿ
ಇಳಿಯುವುದು: ನಿಮ್ಮ ಗಡಿಯಾರದಲ್ಲಿ 11:45, ಅಲ್ಲಿ 10:15
ಅಕ್ಕನ ಮನೆ: ನಿಮ್ಮ ಗಡಿಯಾರದಲ್ಲಿ ಮಧ್ಯಾಹ್ನ 1:15

ಅಮ್ಮ ಕನ್ನಡಕ ಹಾಕಿ ಎರಡು ಸಲ ಓದಿದರು. "ದೂರ ಎಷ್ಟು ಉಂಟು, ಅದನ್ನೂ ಬರೆ ಮಗಾ" ಅಂದರು. ಕೆಳಗೆ 2,460 ಕಿ.ಮೀ. ಅಂತ ಬರೆದೆ. ಪಾಸ್‌ಪೋರ್ಟಿನ ಒಳಗೆ ಮಡಚಿ ಇಟ್ಟುಕೊಂಡರು.